ಬೈದು ಉಳಿಸಿದ ಸಾಲುಗಳು

ಹೋದ ಚಳಿಗಾಲದಲ್ಲಿ ನಾನು ಪ್ರತಿ ಬುಧವಾರ ಮಧ್ಯಾಹ್ನ ಇಲ್ಲಿ ಕೆನಡಾದ ನಮ್ಮ ಮನೆ ಹತ್ತಿರದ ಲೈಬ್ರರಿಗೆ ಗ್ರೀಕರ ಬಗ್ಗೆ ಪಾಠ ಕೇಳಲು ಹೋಗುತ್ತಿದ್ದೆ. ಜ್ಞಾನದಾಹ ಉಕ್ಕಿ ಬಂತು ಎಂದು ತಿಳಿಯಬೇಡಿ. ಇಪ್ಪತ್ತೆರಡು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು, ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಗಂಡನ ತಪ್ಪುಗಳನ್ನು ಪುಕ್ಕಟೆ ಹುಡುಕಿಕೊಡುತ್ತಿದ್ದೆ. ತಡೆಯಲಾರದೆ ಅವರೇ ಲೈಬ್ರರಿಯ ಕರಪತ್ರ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಪಾಠ ಹೇಳುತ್ತಿದ್ದವರು ಗ್ರೀಕ್ ಮೂಲದ ನಿವೃತ್ತ ಮೇಷ್ಟ್ರು. ಕೇಳುವವರು ಹತ್ತು ಹನ್ನೆರಡು ಮಂದಿ. ಎಲ್ಲರೂ ನನ್ನ ಹಾಗೆ ಮಧ್ಯಾಹ್ನದ ಹೊತ್ತು ಮನೆಯವರಿಗೆ ಬೇಡವಾದವರೇ ಇರಬೇಕು. ಪ್ರಾಚೀನ ಗ್ರೀಕರು ಬರೆದದ್ದರಲ್ಲಿ ಬಹುಪಾಲು ಕಳೆದುಹೋಗಿದೆ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದರು. ಕಳೆದುಹೋದ ಪುಸ್ತಕಗಳ ಚೂರುಪಾರು ಏನಾದರೂ ಇವತ್ತು ನಮಗೆ ಸಿಗುತ್ತಿದ್ದರೆ, ಎಷ್ಟೋ ಸಲ ಅದಕ್ಕೆ ಕಾರಣ ನೂರಾರು ವರ್ಷಗಳ ನಂತರ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಕೂತ ಮಧ್ಯಯುಗದ ಗ್ರೀಕರು. ಅವರು ಹಳೆಯ ಪುಸ್ತಕಗಳನ್ನು ಓದಿ, ಬೇಕಾದದ್ದನ್ನು ತಮ್ಮ ಪುಸ್ತಕದಲ್ಲಿ ಎತ್ತಿ ಬರೆದುಕೊಂಡರು. ಹಳೆಯದು ಹೋಯಿತು, ಇವರು ಎತ್ತಿ ಬರೆದದ್ದು ಉಳಿಯಿತು.

ಅವರಲ್ಲಿ ಒಬ್ಬ ಧರ್ಮಗುರುವಿನ ಕಥೆ ನನಗೆ ಬಹಳ ಹಿಡಿಸಿತು. ಆತ ತಾನು ಓದಿದ ಪುಸ್ತಕಗಳ ಬಗ್ಗೆ ತಮ್ಮನಿಗೆ ಟಿಪ್ಪಣಿ ಬರೆದಿದ್ದನಂತೆ. ಇವನ ಶೈಲಿ ಚೆನ್ನಾಗಿದೆ, ಅವನದು ವಿಪರೀತ ಎಳೆತ, ಇನ್ನೊಬ್ಬನಿಗೆ ವ್ಯಾಕರಣವೇ ಬರುವುದಿಲ್ಲ ಎಂದೆಲ್ಲ ತೀರ್ಪು ಕೊಟ್ಟಿದ್ದಾನೆ. ಆತ ಓದಿದ ಪುಸ್ತಕಗಳಲ್ಲಿ ಎಷ್ಟೋ ಈಗ ಇಲ್ಲ. ಅವುಗಳ ಬಗ್ಗೆ ನಮಗೆ ಗೊತ್ತಿರುವುದು ಆತ ಹೇಳಿದಷ್ಟೇ. ನಾನು ಮನೆಗೆ ಬಂದು ಗಂಡನಿಗೆ, 'ನನ್ನಂಥವನೊಬ್ಬ ಸಿಕ್ಕಿದ ಕಣ್ರೀ' ಎಂದೆ. ಆಗ ಅದು ಹೊಗಳಿಕೆ ಎಂದುಕೊಂಡಿದ್ದೆ.

ಎರಡನೆಯ ಪಾಠ ಮುಗಿದ ವಾರ ಒಂದು ಫೋನ್ ಬಂತು. ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನಲ್ಲಿ ಬೆಳೆದ, ಈಗ ಶಾಲೆಯಲ್ಲಿ ಪಾಠ ಹೇಳುವ ಒಬ್ಬ ಹುಡುಗಿಯದು. ಅವಳ ಅಜ್ಜಿ ನಮ್ಮ ಕನ್ನಡ ಕೂಟಕ್ಕೆ ಬರುತ್ತಿದ್ದವರು. ತೀರಿಕೊಂಡು ಆರು ವರ್ಷವಾಗಿತ್ತು. ಹುಡುಗಿಯ ಅಪ್ಪ ಬೇಸ್‌ಮೆಂಟು ಖಾಲಿ ಮಾಡುವಾಗ ಹದಿನೈದು ವರ್ಷ ಹಿಂದಿನ ನಮ್ಮ ಕೂಟದ ಸ್ಮರಣ ಸಂಚಿಕೆ ಸಿಕ್ಕಿತಂತೆ. ಅದರಲ್ಲಿ ಅಜ್ಜಿಯ ಹೆಸರಿನ ಎರಡು ಪುಟದ ಲೇಖನ ಇತ್ತು. ಹುಡುಗಿಗೆ ಕನ್ನಡ ಮಾತಾಡಲು ಅಷ್ಟಿಷ್ಟು ಬರುತ್ತದೆ, ಅಕ್ಷರ ಬರುವುದಿಲ್ಲ. ಅಪ್ಪನ ಕೈಲಿ ಓದಿಸಿಕೊಂಡಿದ್ದಾಳೆ.

'ಆಂಟಿ, ಡೋಂಟ್ ಮೈಂಡ್, ಬಟ್ ಇದು ಬ್ರೋಶರ್ ಥರ ಇದೆ. ನಮ್ ಅಜ್ಜಿ ಹಿಂಗ್ ಮಾತಾಡ್ತಾನೇ ಇರ್ಲಿಲ್ಲ. ಡ್ಯಾಡ್ ಹೇಳಿದ್ರು, ಫುಲ್ ನೋಟ್‌ಬುಕ್ ನಿಮ್ ಹತ್ರ ಇದೆ ಅಂತ. ಕ್ಯಾನ್ ಐ ಸೀ ಇಟ್?'

'ನೋಡ್ತೀನಮ್ಮ, ಹುಡುಕ್ತೀನಿ' ಎಂದು ಫೋನ್ ಇಟ್ಟೆ. ಹುಡುಕುವುದಕ್ಕೆ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಆ ನೋಟ್‌ಬುಕ್ಕನ್ನು ಕಳೆದವಳು ನಾನೇ.

ಆ ವರ್ಷ ಸಂಚಿಕೆಗೆ ನಾನೂ ಎರಿನ್ ಮಿಲ್ಸ್ ಬಡಾವಣೆಯಲ್ಲಿರುವ ನನ್ನ ಗೆಳತಿಯೂ ಸಂಪಾದಕರು. ಇಬ್ಬರೂ ಮೈಸೂರಿನವರು, ಒಳ್ಳೆಯ ಕನ್ನಡ ಎಂದರೆ ಚಾಮುಂಡಿ ಬೆಟ್ಟ ಕಾಣುವಷ್ಟು ದೂರದವರೆಗೆ ಮಾತ್ರ ಎಂದು ನಂಬಿದ್ದವರು. ಅಜ್ಜಿ ಧಾರವಾಡದ ಕಡೆಯವರು. ಮಗನ ಮನೆಗೆ ಮೊಮ್ಮಗಳನ್ನು ನೋಡಿಕೊಳ್ಳಲು ಬಂದು, ಮಗು ಶಾಲೆಗೆ ಹೋಗಲು ಶುರುವಾದ ಮೇಲೆ ಸುಮ್ಮನೆ ಕೂರಲಾರದೆ, ವಿಮಾನದ ಊಟ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದರು. ಅರವತ್ತು ದಾಟಿದ ಮೇಲೆ, ಸೀರೆಯ ಮೇಲೆ ಬಿಳಿ ಕೋಟು, ತಲೆಗೆ ಬಲೆಯ ಟೊಪ್ಪಿ. ಮನೆಗೆ ಬಂದು ದಿನಾ ಬರೆಯುತ್ತಿದ್ದರಂತೆ. ಹಸಿರು ರಟ್ಟಿನ ದಪ್ಪ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಅದನ್ನವರು ವಹಿ ಎನ್ನುತ್ತಿದ್ದರು.

'ಮೂರು ವರ್ಷದಿಂದ ಬರದೀನ್ರಿ. ಏನರ ಚಲೋ ಅನಿಸಿದ್ರ ಹಾಕ್ರಿ. ಆದ್ರ ವಹಿ ವಾಪಸ್ ಕೊಡ್ರಿ ಮತ್ತ, ನನ್ನ ಕಡೆ ಇದೊಂದ ಐತಿ' ಎಂದರು.

ನನಗೆ ಬೇಕಾದದ್ದು ಎರಡು ಪುಟ. ವಹಿಯಲ್ಲಿ ಇನ್ನೂರು ಪುಟವಿತ್ತು, ಒಂದು ಅಲ್ಪವಿರಾಮವೂ ಇರಲಿಲ್ಲ. ಆಫೀಸಿನ ಊಟದ ಬಿಡುವಿನಲ್ಲಿ ಓದಿ ಓದಿ ಗೆಳತಿಗೆ ಇಮೇಲ್ ಬರೆಯುತ್ತಿದ್ದೆ. ಅಜ್ಜಿಯ ಒಂದು ಸಾಲು ಎತ್ತಿ ಬರೆದು, ಕೆಳಗೆ ನನ್ನ ಕೊಂಕು. ಅವಳು ಅದಕ್ಕೆ ಇನ್ನೊಂದು ಸೇರಿಸುತ್ತಿದ್ದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ. ಆಮೇಲೆ ಕತ್ತರಿ ಹಿಡಿದು ಕೂತೆ. ಕಾರ್ಖಾನೆ, ಬಸ್ಸು, ಸೊಸೆ, ಮಂಡಿನೋವು ಎಲ್ಲ ತೆಗೆದೆ. ಉಳಿದದ್ದನ್ನು 'ಶುದ್ಧ' ಮಾಡಿದೆ. 'ಕೆನಡಾ ಸುಂದರವಾದ ದೇಶ. ಇಲ್ಲಿನ ಜನರು ಶಿಸ್ತಿಗೆ ಹೆಸರಾದವರು' ಎಂದು ಶುರುವಾಗುವ ಆ ಲೇಖನದಲ್ಲಿ ಅಜ್ಜಿ ಬರೆದ ಒಂದೇ ಒಂದು ವಾಕ್ಯ ಕೂಡ ಇದ್ದ ಹಾಗೆ ಇಲ್ಲ. 'ವಿದೇಶದಲ್ಲಿ ನನ್ನ ಅನುಭವಗಳು' ಎಂದು ಹೆಸರನ್ನೂ ನಾನೇ ಇಟ್ಟೆ.

ರಾಜ್ಯೋತ್ಸವದ ದಿನ ಸಂಚಿಕೆ ಬಿಡುಗಡೆಯಾಯಿತು. ಅಜ್ಜಿ ಮೊದಲ ಸಾಲಿನಲ್ಲಿ ಕನ್ನಡಕ ಹಾಕಿಕೊಂಡು, ತಮ್ಮ ಎರಡು ಪುಟವನ್ನು ಬೆರಳಿಟ್ಟು ಓದಿದರು. ನಾನು ಹೊಗಳಿಕೆಗೆ ಕಾದು ಪಕ್ಕದಲ್ಲೇ ನಿಂತಿದ್ದೆ.

'ಭಾಳ ಚಂದ ಆಗೈತ್ರಿ' ಎಂದರು. 'ಇದನ್ನ ಯಾರು ಬರದಾರ್ರಿ?'

'ನೀವೇ ಅಮ್ಮಾ!' ಎಂದು ನಕ್ಕೆ. ಅವರು ಮತ್ತೊಮ್ಮೆ ಪುಟದ ಕಡೆ ನೋಡಿ, 'ಹೌದೇನ್ರಿ' ಎಂದಷ್ಟೇ ಹೇಳಿ ಸಂಚಿಕೆಯನ್ನು ಚೀಲಕ್ಕೆ ಹಾಕಿಕೊಂಡರು. ಅವರು ತಮಾಷೆ ಮಾಡಿದರು ಎಂದುಕೊಂಡೆ. ಆ ಮುಖ ಈಗ ನೆನಪಾದರೆ ತಮಾಷೆಯ ಮುಖ ಅದಲ್ಲ ಎಂದು ತಿಳಿಯುತ್ತದೆ.

ವಹಿಯ ವಿಷಯಕ್ಕೆ ಬರುತ್ತೇನೆ. ಸಂಚಿಕೆ ಮುಗಿದ ಮೇಲೆ ಮೇಜಿನ ಮೇಲಿದ್ದ ಪ್ರೂಫು, ಜಾಹೀರಾತಿನ ಹಾಳೆ ಎಲ್ಲವನ್ನೂ ಕಟ್ಟು ಕಟ್ಟಿ ರೀಸೈಕ್ಲಿಂಗಿನ ನೀಲಿ ಡಬ್ಬಕ್ಕೆ ಹಾಕಿ ರಸ್ತೆಯಂಚಿಗೆ ಇಟ್ಟೆ. ಕಟ್ಟಿನ ಮಧ್ಯೆ ವಹಿ ಸೇರಿತ್ತು. ನಾನದನ್ನು ನೋಡಲಿಲ್ಲ ಎಂದು ಗಂಡನಿಗೆ ಹೇಳಿದ್ದೇನೆ, ಗೆಳತಿಗೆ ಹೇಳಿದ್ದೇನೆ, ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಕಾರು ಹಿಂದಕ್ಕೆ ತೆಗೆಯುವಾಗ ಹಸಿರು ರಟ್ಟಿನ ತುದಿ ಕಂಡಿತ್ತು. ಕೈ ಕೊರೆಯುವ ಚಳಿ, ಮೀಟಿಂಗಿಗೆ ತಡವಾಗಿತ್ತು. ಸಂಜೆ ಬಂದು ತೆಗೆದರಾಯಿತು ಎಂದುಕೊಂಡೆ. ಹೇಗೂ ಮುಖ್ಯವಾದದ್ದೆಲ್ಲ ಅಚ್ಚಾಯಿತಲ್ಲ ಎಂದೂ ಅಂದುಕೊಂಡೆ. ಸಂಜೆ ಬರುವ ಹೊತ್ತಿಗೆ ರದ್ದಿಯ ಗಾಡಿ ಬಂದುಹೋಗಿ ಡಬ್ಬ ಖಾಲಿಯಾಗಿತ್ತು.

ಮುಂದಿನ ಯುಗಾದಿಗೆ ಅಜ್ಜಿ ಕೇಳಿದರು, 'ವಹಿ ತಂದೀರೇನ್ರಿ?' ಹುಡುಕುತ್ತಿದ್ದೇನೆ ಎಂದೆ. ಗಣೇಶನ ಹಬ್ಬಕ್ಕೆ ಕೇಳಿದರು, 'ಸಿಕ್ತೇನ್ರಿ?' ಮನೆ ಪೇಂಟಿಂಗ್ ನಡೀತಿದೆ, ಎಲ್ಲ ಪೆಟ್ಟಿಗೆಯಲ್ಲಿದೆ ಎಂದೆ. ಆಮೇಲೆ ಅವರು ಕೇಳಲಿಲ್ಲ. ಎಲ್ಲಿ ಸಿಕ್ಕರೂ ಮೊದಲಿನ ಹಾಗೇ ಮಾತಾಡಿಸುತ್ತಿದ್ದರು, ಒಂದು ಸಲ ಶೇಂಗಾ ಚಟ್ನಿಪುಡಿ ಕೂಡ ಕೊಟ್ಟರು. ಅವರು ಕೇಳುವುದನ್ನು ನಿಲ್ಲಿಸಿದ್ದು ನನಗೆ ದೊಡ್ಡ ಸಮಾಧಾನವಾಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಸಮಾಧಾನವೇ. ಅವರು ತೀರಿಕೊಂಡಾಗ ಹೋಗಿ ಕೈಮುಗಿದು ಬಂದೆ. ಆಗಲೂ ಹೇಳಲಿಲ್ಲ.

ಹುಡುಗಿಯ ಫೋನ್ ಬಂದ ಮೇಲಿನ ಬುಧವಾರ ಮೇಷ್ಟ್ರು ಒಬ್ಬ ಚಕ್ರವರ್ತಿಯ ಕಥೆ ಹೇಳಿದರು. ಆತನಿಗೆ ಹಳೆಯ ಇತಿಹಾಸ ಪುಸ್ತಕಗಳೆಲ್ಲ ವಿಪರೀತ ದಪ್ಪ ಎನ್ನಿಸಿತಂತೆ. ಪಂಡಿತರನ್ನು ಕೂರಿಸಿ, ಆ ಪುಸ್ತಕಗಳಿಂದ ಆಯ್ದು ವಿಷಯವಾರು ಸಂಗ್ರಹ ಮಾಡಿಸಿದ. ರಾಯಭಾರಿಗಳ ಪ್ರಸಂಗಗಳೆಲ್ಲ ಒಂದು ಕಡೆ, ಸಂಚುಗಳೆಲ್ಲ ಒಂದು ಕಡೆ, ಗುಣ ಅವಗುಣ ಇನ್ನೊಂದು ಕಡೆ. ಎಷ್ಟೋ ಇತಿಹಾಸಕಾರರ ಮಾತು ಇವತ್ತು ಆ ಸಂಗ್ರಹಗಳಲ್ಲಿ ಮಾತ್ರ ಉಳಿದಿದೆ. 'ಆದರೆ ಸಂಗ್ರಹ ಕೈಗೆ ಸಿಕ್ಕಮೇಲೆ ದಪ್ಪ ಪುಸ್ತಕವನ್ನು ಯಾರು ಕೂತು ನಕಲು ಮಾಡುತ್ತಾರೆ?' ಎಂದು ಮೇಷ್ಟ್ರು ಕೇಳಿದರು. ಮೂಲ ಅಳಿಯಲು ಸಂಗ್ರಹವೂ ಒಂದು ಕಾರಣವಿರಬಹುದು ಎಂದು ಕೆಲವರ ಅನುಮಾನವಂತೆ. ಹೊರಗೆ ಹಿಮ ಬೀಳುತ್ತಿತ್ತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಮುಖ್ಯವಾದದ್ದೆಲ್ಲ ಅಚ್ಚಾಯಿತಲ್ಲ ಎಂದವಳು ನಾನಲ್ಲವೇ?

ಮನೆಗೆ ಬಂದು ಹುಡುಗಿಗೆ ಫೋನ್ ಮಾಡಬೇಕೆಂದು ಮೂರು ಸಲ ಎತ್ತಿ ಮೂರು ಸಲ ಇಟ್ಟೆ. ಇಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಧೈರ್ಯ ಬರಲಿಲ್ಲ.

ಅದರ ಮುಂದಿನ ವಾರ ಮತ್ತೆ ಆ ಧರ್ಮಗುರುವಿನ ಸರದಿ ಬಂತು. ಆತನಿಗೆ ಆಗದ ಪಂಥದವನೊಬ್ಬ ಬರೆದ ಚರಿತ್ರೆಯನ್ನು ಆತ ಓದಿದ್ದಾನೆ. ಓದುತ್ತಾ ಓದುತ್ತಾ ಸಂಕ್ಷೇಪ ಮಾಡಿದ್ದಾನೆ, ಮಾಡುತ್ತಾ ಮಾಡುತ್ತಾ ಬೈದಿದ್ದಾನೆ. ಸುಳ್ಳುಗಾರ, ಧರ್ಮದ್ರೋಹಿ ಎಂದು ಬಾಯಿಗೆ ಬಂದಂತೆ ಬೈಯುತ್ತಲೇ ಅವನು ಏನೇನು ಹೇಳಿದ ಎಂದೂ ಬರೆದಿಟ್ಟಿದ್ದಾನೆ. ಆ ಚರಿತ್ರೆಯ ಮೂಲ ಪುಸ್ತಕ ಈಗ ಇಲ್ಲ. ನಮಗೆ ಅದರ ಬಗ್ಗೆ ಹೆಚ್ಚಿನದು ತಿಳಿದಿರುವುದು ಬೈದವನ ಕೈಯಿಂದಲೇ. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ, 'ಮೆಚ್ಚಿದವರು ಸುಮ್ಮನೆ ಮೆಚ್ಚಿ ಹೋಗುತ್ತಾರೆ, ಸಿಟ್ಟು ಬಂದವರು ಸಾಲು ಎತ್ತಿ ತೋರಿಸುತ್ತಾರೆ' ಎಂದರು.

ನನಗೆ ಆ ಇಮೇಲುಗಳು ನೆನಪಾದವು. ಪಾಠ ಮುಗಿಯುವವರೆಗೂ ಕೂರಲಾಗಲಿಲ್ಲ. ಕೋಟು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು ಗೆಳತಿಗೆ ಫೋನ್ ಮಾಡಿದೆ. ನನ್ನವು ಆಫೀಸಿನ ಇಮೇಲು, ಕೆಲಸದ ಜೊತೆಗೇ ಹೋಗಿದ್ದವು. ಅವಳು ಮಾತ್ರ ಜನ್ಮದಲ್ಲಿ ಏನನ್ನೂ ಅಳಿಸಿದವಳಲ್ಲ; ಅವಳ ಇನ್‌ಬಾಕ್ಸು ನೋಡಿದರೆ ನನಗೆ ತಲೆ ತಿರುಗುತ್ತದೆ, ಎಷ್ಟೋ ಸಲ ಹಂಗಿಸಿದ್ದೇನೆ.

'ಆ ಅಜ್ಜಿ ನೋಟ್‌ಬುಕ್ಕಿಂದಾ? ಇರ್ಬೇಕು ಕಣೇ' ಎಂದಳು. ಎರಡು ದಿನ ಬಿಟ್ಟು ಎರಿನ್ ಮಿಲ್ಸಿನ ಮಾಲಿನಲ್ಲಿ ಕಾಫಿಗೆ ಸಿಕ್ಕಾಗ ಪ್ರಿಂಟು ತಂದಿದ್ದಳು. ಹನ್ನೊಂದು ಇಮೇಲು. ಕೊಡುವಾಗ ನನ್ನ ಮುಖ ನೋಡಲಿಲ್ಲ. 'ಓದ್ದೆ ಕಣೇ ನಿನ್ನೆ. ನಾವಿಬ್ರೂ ಎಷ್ಟು ಕೆಟ್ಟೋರಿದ್ವಿ ಅಲ್ವಾ' ಎಂದಳು.

ಆಗ ನಮಗೆ ಆಫೀಸಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸಲು ಬರುತ್ತಿರಲಿಲ್ಲ. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ್ದೆ. ನಗಬೇಕೆಂದೇ ಅಜ್ಜಿಯ ಧಾರವಾಡದ ಮಾತನ್ನು ಒಂದು ಸ್ವರವೂ ಬಿಡದೆ, ಇದ್ದದ್ದು ಇದ್ದ ಹಾಗೆ ಎತ್ತಿ ಬರೆದಿದ್ದೆ. ಲೇಖನದಲ್ಲಿ ಒಂದು ವಾಕ್ಯವನ್ನೂ ನೆಟ್ಟಗೆ ಉಳಿಸದವಳು ಗೇಲಿ ಮಾಡುವಾಗ ಅಕ್ಷರಕ್ಕೆ ಅಕ್ಷರ ಉಳಿಸಿದ್ದೆ.

'ಬಸ್ಸಿನ್ಯಾಗ ಒಬ್ಬಾಕಿ ಪಂಜಾಬಿ ಬಾಯಿ ಬಾಜೂಕ ಕುಂತ್ಲು. ಆಕಿ ಮಾತು ನನಗ ತಿಳೀಲಿಲ್ಲ ನನ್ನ ಮಾತು ಆಕೀಗೆ ತಿಳೀಲಿಲ್ಲ. ರೆಕ್ಸ್‌ಡೇಲ್ ಮುಟ್ಟೂತನಕ ಇಬ್ರೂ ಸೊಸಿ ಬಗ್ಗೇನ ಮಾತಾಡಿದ್ವಿ.' ಕೆಳಗೆ ನಾನು: 'ಲಾಜಿಕ್ಕೇ ಇಲ್ಲ ಕಣೇ!'

'ನಾ ಕಟ್ಟಿದ ತಾಟು ಎಲ್ಲೆಲ್ಲಿ ಹೋಗ್ತಾವೋ ಏನೋ ನಾ ಮಾತ್ರ ಇಲ್ಲೇ ಮಾಲ್ಟನ್‌ದಾಗ ಅದೀನಿ.' ಕೆಳಗೆ ನಾನು: 'ಶುರುವಾಯ್ತು ಫಿಲಾಸಫಿ. ಇದರ ಹಿಂದೆ ಪೂರ್ತಿ ನಾಲ್ಕು ಪುಟ ಚಮಚ ಫೋರ್ಕು ಪೇಪರಿನಲ್ಲಿ ಸುತ್ತುವುದು ಹೇಗೆ ಅಂತ. ನಾಲ್ಕು ಪುಟ!'

'ಇದು ಚಳಿ ಅಲ್ಲ ಸಿಟ್ಟು. ಯಾರ ಮ್ಯಾಲಿನ ಸಿಟ್ಟೋ ನಮ್ಮ ಮ್ಯಾಲ ತೀರಿಸ್ಕೋತೈತಿ.' ಇದಕ್ಕೆ ನಾನು ಬರೀ ಬಾಯಿಬಿಟ್ಟು ನಗುವ ಚಿಹ್ನೆ ಹಾಕಿದ್ದೆ.

ಮಾಲಿನಲ್ಲಿ ಅಷ್ಟು ಜನರ ಮಧ್ಯೆ ಕೂತು ಅತ್ತೆ. ಬರೆಯಲು ಬರುತ್ತಿದ್ದದ್ದು ಅವರಿಗೆ. ನನಗೆ ತಿದ್ದಲು ಬರುತ್ತಿತ್ತು, ಅಷ್ಟೇ. ಆ ನಾಲ್ಕು ಪುಟ ಚಮಚ ಫೋರ್ಕಿನ ವಿವರ ಈಗ ಸಿಕ್ಕಿದರೆ ಕಣ್ಣಿಗೊತ್ತಿಕೊಂಡು ಓದುತ್ತಿದ್ದೆ. ಎಲ್ಲಿಂದ ತರಲಿ?

ಹುಡುಗಿಗೆ ಕೊಡಬೇಕಲ್ಲ. ಮನೆಯಲ್ಲಿ ಕೂತು ಅಜ್ಜಿಯ ಸಾಲುಗಳನ್ನು ಮಾತ್ರ ಆಯ್ದು, ನನ್ನ ಕೊಂಕೆಲ್ಲ ಕಿತ್ತು, ಅಂದವಾಗಿ ಒಂದು ಹಾಳೆಯಲ್ಲಿ ಟೈಪು ಮಾಡಿದೆ. ಹದಿನೇಳು ಸಾಲು ಬಂತು. ಪ್ರಿಂಟು ತೆಗೆದು ನೋಡಿದೆ, ಚೆನ್ನಾಗಿಯೇ ಇತ್ತು. ಎಲ್ಲಿಂದ ಸಿಕ್ಕಿತು ಎಂದು ಕೇಳಿದರೆ ಹಳೆಯ ಟಿಪ್ಪಣಿ ಎಂದರೆ ಮುಗಿಯಿತು. ನನ್ನ ಮಾನವೂ ಉಳಿಯುತ್ತಿತ್ತು.

ಗಂಡ ಹಿಂದಿನಿಂದ ಬಂದು ಹೆಗಲ ಮೇಲಿಂದ ನೋಡಿದರು. 'ಮತ್ತೆ ಕತ್ತರಿ ಹಿಡ್ಕೊಂಡ್ಯಾ?' ಎಂದರು. ಅವರು ಮಾಮೂಲಿನಂತೆ ಛೇಡಿಸಿದ್ದು, ಆದರೆ ನನಗೆ ಕೆನ್ನೆಗೆ ಬಾರಿಸಿದಂತಾಯಿತು. ನಾಲ್ಕು ಪುಟ ಇತ್ತು ಎನ್ನುವುದು ಗೊತ್ತಾಗುವುದೇ ನನ್ನ ಕೊಂಕಿನಿಂದ. ಅದನ್ನು ತೆಗೆದರೆ ಅಜ್ಜಿಯ ವಹಿ ಇನ್ನಷ್ಟು ಚಿಕ್ಕದಾಗುತ್ತಿತ್ತು. ಆ ಹಾಳೆ ಹರಿದುಹಾಕಿದೆ. ಹನ್ನೊಂದು ಇಮೇಲನ್ನೂ ಇದ್ದ ಹಾಗೇ ಲಕೋಟೆಗೆ ಹಾಕಿದೆ.

ಶನಿವಾರ ಬೆಳಿಗ್ಗೆ ಮಾಲ್ಟನ್ನಿನ ಒಂದು ಮಿಠಾಯಿ ಅಂಗಡಿಯಲ್ಲಿ ಸಿಕ್ಕೆವು. ಹುಡುಗಿ ಅಜ್ಜಿಯ ಹಾಗೇ ಗಿಡ್ಡ, ಅದೇ ಅಗಲ ಹಣೆ. ಎರಡು ಚಹಾ ಬಂತು. ಮೊದಲು ಡಬ್ಬದ ವಿಷಯ ಹೇಳಿದೆ, ಹಸಿರು ರಟ್ಟು ಕಂಡದ್ದನ್ನೂ ಬಿಡಲಿಲ್ಲ. ಅವಳು ಕಪ್ಪಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದಳು.

'ಅಜ್ಜಿಗೆ ಗೊತ್ತಿತ್ತಾ?'

'ಗೊತ್ತಿತ್ತು ಅನ್ಸತ್ತೆ. ಅದಕ್ಕೇ ಕೇಳೋದು ಬಿಟ್ರು.'

ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಿದ್ದರೆ ತಪ್ಪೇನೂ ಇರಲಿಲ್ಲ. ಲಕೋಟೆ ಮುಂದಕ್ಕೆ ಸರಿಸಿ, 'ಇಷ್ಟೇ ಉಳಿದಿರೋದು. ನಾನು ತಮಾಷೆ ಮಾಡಿ ಬರೆದಿದ್ದು. ನಿನಗೆ ಸಿಟ್ಟು ಬರತ್ತೆ, ಬರಲಿ' ಎಂದೆ.

ಹಾಳೆ ತೆಗೆದಳು. ಇಂಗ್ಲಿಷ್ ಅಕ್ಷರ ನೋಡಿ ಹುಬ್ಬೇರಿಸಿದಳು. 'ಓ, ಐ ಕ್ಯಾನ್ ರೀಡ್ ದಿಸ್' ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಅಪ್ಪನ ಸಹಾಯವಿಲ್ಲದೆ, ಯಾರ ಸಹಾಯವೂ ಇಲ್ಲದೆ, ಅವಳು ಅಜ್ಜಿಯನ್ನು ತಾನೇ ಓದತೊಡಗಿದಳು. ಮೊದಲು ತಡವರಿಸಿ, ಆಮೇಲೆ ಸರಾಗವಾಗಿ, ಜೋರಾಗಿ. ಪಂಜಾಬಿ ಹೆಂಗಸಿನ ಸಾಲಿಗೆ ಫಕ್ಕನೆ ನಕ್ಕಳು. 'ಸೊಸಿ ಅಂದ್ರೆ ನಮ್ ಮಮ್ಮಿ!' ಎಂದಳು. ನನ್ನ ಕೊಂಕುಗಳನ್ನೂ ಬಿಡದೆ ಓದಿದಳು. ಅವಳ ಬಾಯಲ್ಲಿ ಅವನ್ನು ಕೇಳುತ್ತಾ ನಾನು ತಲೆ ತಗ್ಗಿಸಿ ಮೇಜಿನ ಮೇಲೆ ಬಿದ್ದಿದ್ದ ಸಕ್ಕರೆಯ ಹರಳುಗಳನ್ನು ಬೆರಳಲ್ಲಿ ಒಟ್ಟು ಮಾಡುತ್ತಿದ್ದೆ.

ಒಂಬತ್ತನೆಯ ಇಮೇಲಿಗೆ ಬಂದಳು. ಅದರಲ್ಲೇನಿದೆ ಎಂದು ನನಗೆ ಬಾಯಿಪಾಠವಾಗಿತ್ತು.

'ಮನೀಗೆ ಬಂದ ಕೂಡ್ಲೆ ಮೊಮ್ಮಗಳು ನನ್ನ ಕೈ ಮೂಸಿ ನೋಡಿ ಇವತ್ತ ಯಾವ ಊರಿನ ವಿಮಾನದ ಊಟ ಕಟ್ಟಿದಿ ಅಂತ ಕೇಳ್ತೈತಿ. ನನಗೇನ ಗೊತ್ತು. ನಿನ್ನೆ ಜಪಾನ ಅಂದೆ ಇವತ್ತ ಲಂಡನ್ ಅಂದೆ. ನಾಳಿಗಿ ಊರು ಎಲ್ಲಿಂದ ತರ್ಲಿ.' ಕೆಳಗೆ ನಾನು: 'ಇದನ್ನೂ ಬರೆದಿದ್ದಾರೆ ನೋಡೇ. ಯಾರಿಗೆ ಬೇಕು ಇದೆಲ್ಲ?'

ಹುಡುಗಿ ಅದನ್ನು ಇನ್ನೊಮ್ಮೆ ಓದಿದಳು, ಈ ಸಲ ಸದ್ದಿಲ್ಲದೆ. 'ಮರೆತೇಬಿಟ್ಟಿದ್ದೆ, ಅಜ್ಜಿಯ ಕೈಯಲ್ಲಿ ಬೆಣ್ಣೆ ವಾಸನೆ ಬರುತ್ತಿತ್ತು, ಒಂದೊಂದು ದಿನ ಕಿತ್ತಳೆ ಹಣ್ಣಿನ ವಾಸನೆ' ಎಂದು ಇಂಗ್ಲಿಷಿನಲ್ಲಿ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಉಳಿದ ಎರಡು ಹಾಳೆಗಳನ್ನೂ ಮುಗಿಸಿ, ಲಕೋಟೆಯೊಳಗೆ ಇನ್ನೇನಾದರೂ ಇದೆಯೇ ಎಂದು ಕೈ ಹಾಕಿ ನೋಡಿದಳು. ಏನೂ ಇರಲಿಲ್ಲ.

ಬೈಯಲಿ ಎಂದು ಕಾದು ಕೂತಿದ್ದೆ. ಅವಳು ಹಾಳೆಗಳನ್ನು ಮೇಜಿಗೆ ಕುಟ್ಟಿ ಸರಿ ಮಾಡಿ, ಹಾಗೇ ಎದೆಗೆ ಒತ್ತಿ ಹಿಡಿದುಕೊಂಡು, ಈಗಷ್ಟೇ ಓದಿದ ಅಜ್ಜಿಯ ಮಾತಿನ ಧಾಟಿಯಲ್ಲೇ ನಿಧಾನವಾಗಿ ಹೇಳಿದಳು:

'ಆಂಟಿ, ನೀವು ಆವಾಗ ಇನ್ನೂ ಭಾಳ ನಗಬೇಕಿತ್ರಿ.'